ಪ್ರತಿಯುಳಿದರೆ ಕೃತಿಯುಳಿದೀತು

ಮನೆಯ ಪಡಸಾಲೆಯಲ್ಲಿ ಪುಸ್ತಕಗಳ ಬೀರುವೊಂದಿದ್ದರೆ ಬಂದವರು ಅದನ್ನು ಗೌರವದಿಂದ ನೋಡುತ್ತಾರೆ. ಮನೆಯ ಯಜಮಾನನು ಅವನ್ನೆಲ್ಲ ಓದಿರುವನೋ ಇಲ್ಲವೋ ಎಂದು ವಿಚಾರಿಸುವ ಒರಟುತನವನ್ನು ಯಾರೂ ತೋರುವುದಿಲ್ಲ. ಅದೇ ಬೀರುವಿನಲ್ಲಿ ಚಲನಚಿತ್ರಗಳ ಡಿಸ್ಕುಗಳು ಸಾಲಾಗಿ ನಿಂತಿದ್ದರೆ ಮಾತ್ರ ನೋಟ ಬದಲಾಗುತ್ತದೆ. “ಇವೆಲ್ಲ ಈಗ ಫೋನಿನಲ್ಲಿಯೇ ಸಿಕ್ಕುತ್ತವಲ್ಲ, ಹಣ ಸುರಿದು ಇವನ್ನೇಕೆ ಕೂಡಿಹಾಕಬೇಕು?” ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಪ್ರಶ್ನೆಯೇನೋ ನ್ಯಾಯವಾದದ್ದೇ. ಕುರೊಸಾವಾ, ಓಜು, ಬರ್ಗ್‌ಮನ್, ಸತ್ಯಜಿತ್ ರಾಯ್ ಮೊದಲಾದವರ ಚಿತ್ರಗಳನ್ನು ಒಂದೊಂದಾಗಿ ತರಿಸಿ ಮನೆಯಲ್ಲಿಟ್ಟುಕೊಳ್ಳುವವರು ನಮ್ಮಲ್ಲಿ ಕೆಲವರೇ ಆದರೂ ಇದ್ದಾರೆ. ಅವರದು ಸಿರಿವಂತರ ಷೋಕಿಯೆ, ಹಳೆಯದರ ಮೇಲಿನ ಕುರುಡು ಮೋಹವೆ, ಅಥವಾ ಅದರಲ್ಲಿ ನಮ್ಮೆಲ್ಲರಿಗೂ ಸಂಬಂಧಿಸಿದ ಪ್ರಯೋಜನವೇನಾದರೂ ಉಂಟೆ? ಉಂಟೆಂಬುದು ನನ್ನ ಅಭಿಪ್ರಾಯ. ಆದರೆ ಆ ಪ್ರಯೋಜನ ಸಿದ್ಧಿಸಬೇಕಾದರೆ ಸಂಗ್ರಹಕಾರರೂ ನಮ್ಮ ವಿದ್ಯಾಸಂಸ್ಥೆಗಳೂ ಈಗ ಮಾಡದಿರುವ ಕೆಲಸವೊಂದನ್ನು ಮಾಡಬೇಕಾಗುತ್ತದೆ.

ಕನ್ನಡ ಪಾಠ ಹೇಳುವವರಿಗೆ ಈ ಸಮಸ್ಯೆ ಅಪರಿಚಿತವಲ್ಲ. ನಮ್ಮ ಸಾಹಿತ್ಯಚರಿತ್ರೆ ಉಳಿದ ಕೃತಿಗಳ ಚರಿತ್ರೆಯಾಗಿರುವಂತೆ ಅಳಿದ ಕೃತಿಗಳ ಚರಿತ್ರೆಯೂ ಹೌದು. ಒಂದನೆಯ ಗುಣವರ್ಮನ ‘ಶೂದ್ರಕ’, ‘ಹರಿವಂಶ’ಗಳು ಇತರರು ಉದ್ಧರಿಸಿದ ಬಿಡಿ ಪದ್ಯಗಳಲ್ಲಿ ಮಾತ್ರ ನಮಗೆ ಕಾಣುತ್ತವೆ. ರನ್ನನ ‘ಪರಶುರಾಮಚರಿತ’ವೂ ‘ಚಕ್ರೇಶ್ವರಚರಿತ’ವೂ ಹೆಸರಾಗಿ ಉಳಿದಿವೆಯೇ ಹೊರತು ಕಾವ್ಯವಾಗಿ ಉಳಿದಿಲ್ಲ. ಪೊನ್ನನ ವಿಷಯವಂತೂ ಇನ್ನೂ ಬೋಧಪ್ರದವಾದದ್ದು. ಆತನ ‘ಭುವನೈಕರಾಮಾಭ್ಯುದಯ’ ದೊರೆತಿಲ್ಲ, ‘ಶಾಂತಿಪುರಾಣ’ ದೊರೆತಿದೆ. ಕವಿ ಒಬ್ಬನೇ, ಕಾಲ ಒಂದೇ. ಒಂದು ಕೃತಿ ಹೋಯಿತು, ಇನ್ನೊಂದು ನಮ್ಮ ಕೈಗೆ ಬಂದಿತು. ದಾನಚಿಂತಾಮಣಿ ಅತ್ತಿಮಬ್ಬೆಯು ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬ ಸಂಗತಿಯನ್ನು ನಾವು ಅವಳ ಔದಾರ್ಯಕ್ಕೆ ನಿದರ್ಶನವಾಗಿ ತರಗತಿಯಲ್ಲಿ ಹೇಳುತ್ತೇವೆ. ಔದಾರ್ಯದ ಜೊತೆಗೆ ಅದರಲ್ಲಿ ವಿವೇಕವೂ ಇದೆ. ಆ ಸಾವಿರದಿಂದಲೇ ಕಾವ್ಯ ಉಳಿಯಿತೆಂದು ಖಂಡಿತವಾಗಿ ಹೇಳಲು ಬಾರದು. ಆದರೆ ಗೆದ್ದಲು, ಬೆಂಕಿ, ಮಳೆ, ಅಲಕ್ಷ್ಯ ಇವು ನಾಲ್ಕೂ ಕೂಡಿ ಬಂದರೂ ಊರೂರಿಗೆ ಹಂಚಿಹೋದ ಸಾವಿರ ಓಲೆಕಟ್ಟುಗಳನ್ನು ಒಮ್ಮೆಗೇ ತಿಂದು ಮುಗಿಸುವುದು ಕಷ್ಟ. ಒಂದೇ ಕಟ್ಟನ್ನು ಮುಗಿಸಲು ಒಂದು ಮಳೆಗಾಲ ಸಾಕು.

ಚಲನಚಿತ್ರವೆಂಬುದು ಸುಮಾರು ನೂರಮೂವತ್ತು ವರ್ಷಗಳ ಕಲೆ. ಈ ಅಲ್ಪಾವಧಿಯಲ್ಲಿಯೇ ಅದು ಕಳೆದುಕೊಂಡಿರುವುದನ್ನು ನೋಡಿದರೆ ನಮ್ಮ ಓಲೆಗರಿಗಳೇ ಗಟ್ಟಿಯೆನ್ನಿಸುತ್ತದೆ. ೧೯೫೦ರ ಸುಮಾರಿನವರೆಗೆ ಚಿತ್ರಗಳನ್ನು ಮುದ್ರಿಸುತ್ತಿದ್ದ ನೈಟ್ರೇಟ್ ಫಿಲ್ಮು ಸಿಡಿಮದ್ದಿನ ಸೋದರ. ಹೊತ್ತಿಕೊಂಡಿತೆಂದರೆ ನೀರಿನಲ್ಲಿ ಮುಳುಗಿಸಿದರೂ ಆರದು. ಹೊತ್ತಿಕೊಳ್ಳದಿದ್ದರೂ ಕಾಲ ಕಳೆದಂತೆ ತಾನಾಗಿಯೇ ಅಂಟಾಗಿ, ಕೊನೆಗೆ ಪುಡಿಯಾಗುತ್ತದೆ. ಅದರ ಸ್ಥಾನದಲ್ಲಿ ಬಂದ ಅಸಿಟೇಟ್ ಫಿಲ್ಮು ಹಾಗೆ ಉರಿಯುವುದಿಲ್ಲವಾದರೂ ಸೆಕೆಯಲ್ಲಿ ವಿನಿಗರ್ ವಾಸನೆ ಬೀರುತ್ತ ಸುರುಟಿಕೊಳ್ಳುತ್ತದೆ. ಇವೆಲ್ಲವುಗಳಿಂದ ಪಾರಾದ ಎಷ್ಟೋ ರೀಲುಗಳನ್ನು ಅವುಗಳಲ್ಲಿರುವ ಬೆಳ್ಳಿಯ ಆಸೆಗೆ ಮಾರಿದ್ದುಂಟು. ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ (೧೯೩೧) ಇಂದು ಇಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (೧೯೩೪) ಕೂಡ ಇಲ್ಲ. ಸುಬ್ಬಯ್ಯನಾಯ್ಡು, ನಾಗೇಂದ್ರರಾಯರು ಬೆಳ್ಳಿತೆರೆಯ ಮೇಲೆ ಮೊದಲು ಕನ್ನಡ ಮಾತನಾಡಿದಾಗ ಆ ಕನ್ನಡ ಹೇಗಿತ್ತು, ಕಂಪೆನಿ ನಾಟಕದ ರಾಗ ಅದರಲ್ಲಿ ಎಷ್ಟು ಉಳಿದಿತ್ತು ಎಂಬುದನ್ನು ನಾವು ಇನ್ನು ಊಹಿಸಬಹುದೇ ಹೊರತು ಕೇಳಲಾರೆವು. ಸಾವಿರ ವರ್ಷಗಳ ಹಿಂದಿನ ಪಂಪನ ಮಾತು ನಮ್ಮ ಕೈಯಲ್ಲಿದೆ. ನಮ್ಮ ಅಜ್ಜಂದಿರು ಟಿಕೆಟ್ ಕೊಂಡು ನೋಡಿಬಂದ ಚಿತ್ರ ನಮ್ಮ ಕೈಯಲ್ಲಿಲ್ಲ. ಇದು ಸಣ್ಣ ನಷ್ಟವಲ್ಲ.

೧೯೬೪ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾದಾಗ, ಪಿ. ಕೆ. ನಾಯರ್ ಅವರು ದೇಶವೆಲ್ಲ ಸುತ್ತಿ ಅಳಿದುಳಿದ ರೀಲುಗಳನ್ನು ಹುಡುಕಿ ತಂದರು. ನಮ್ಮಲ್ಲಿ ರೈಸ್ ಅವರೂ ಆರ್. ನರಸಿಂಹಾಚಾರ್ಯರೂ ಹಸ್ತಪ್ರತಿಗಳಿಗಾಗಿ ಮಾಡಿದ ಸೇವೆಗೆ ಅದನ್ನು ಹೋಲಿಸಿದರೆ ಅತಿಶಯೋಕ್ತಿಯಾಗಲಾರದು. ಆದರೆ ಒಂದೇ ಮನೆಯಲ್ಲಿ ಕೂಡಿಟ್ಟದ್ದಕ್ಕೆ ಒಂದೇ ಮನೆಯ ಅಪಾಯ ಇದ್ದೇ ಇರುತ್ತದೆ. ೨೦೦೩ರಲ್ಲಿ ಪುಣೆಯಲ್ಲಿ ಬೆಂಕಿ ಬಿದ್ದು ನೈಟ್ರೇಟ್ ರೀಲುಗಳ ಒಂದು ದೊಡ್ಡ ಭಾಗವೇ ನಾಶವಾಯಿತು.

ಹೊರದೇಶಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. ಡೆನ್ಮಾರ್ಕಿನ ಡ್ರೇಯರ್ ೧೯೨೮ರಲ್ಲಿ ಫ್ರಾನ್ಸಿನಲ್ಲಿ ತೆಗೆದ ‘ಜೋನ್ ಆಫ್ ಆರ್ಕಳ ಯಾತನೆ’ ಎಂಬ ಮೂಕಿಚಿತ್ರದ ಮೂಲ ನೆಗೆಟಿವ್ ಬೆಂಕಿಯಲ್ಲಿ ಸುಟ್ಟುಹೋಯಿತು. ಉಳಿದ ತುಣುಕುಗಳನ್ನು ಜೋಡಿಸಿ ನಿರ್ದೇಶಕ ಸಿದ್ಧಪಡಿಸಿದ ಎರಡನೆಯ ನೆಗೆಟಿವ್ ಕೂಡ ಕೈತಪ್ಪಿತು. ದಶಕಗಳ ಕಾಲ ಜಗತ್ತು ವಿಕಲವಾದ ಪಾಠಗಳನ್ನೇ ನೋಡಿ ಮೆಚ್ಚಿಕೊಂಡಿತ್ತು. ೧೯೮೧ರಲ್ಲಿ ಓಸ್ಲೋ ನಗರದ ಒಂದು ಮಾನಸಿಕ ಆಸ್ಪತ್ರೆಯ ಕಪಾಟಿನಲ್ಲಿ, ಯಾರ ಗಮನಕ್ಕೂ ಬಾರದೆ ಬಿದ್ದಿದ್ದ ಡಬ್ಬಿಗಳಲ್ಲಿ, ಮೂಲಪಾಠದ ಪ್ರತಿಯೊಂದು ದೊರೆಯಿತು. ಯಾವ ಸರಕಾರವೂ ಅದನ್ನು ಕಾಪಾಡಿರಲಿಲ್ಲ. ಎಲ್ಲಿಯೋ ಒಂದು ಹೆಚ್ಚಿನ ಪ್ರತಿ ಇತ್ತು, ಅಷ್ಟೆ.

ಸತ್ಯಜಿತ್ ರಾಯ್ ಅವರ ಅಪು ಚಿತ್ರತ್ರಯದ ಕಥೆ ನಮಗೆ ಇನ್ನೂ ಹತ್ತಿರದ್ದು. ೧೯೯೨ರಲ್ಲಿ ಅಮೆರಿಕದ ಚಲನಚಿತ್ರ ಅಕಾಡೆಮಿ ಅವರಿಗೆ ಗೌರವ ಆಸ್ಕರ್ ನೀಡಿದಾಗ, ಸಮಾರಂಭದಲ್ಲಿ ತೋರಿಸಲು ಅವರ ಚಿತ್ರಗಳ ಒಳ್ಳೆಯ ಪ್ರತಿಗಳು ಸಿಕ್ಕುವುದೇ ದುಸ್ತರವಾಯಿತು. ಅವುಗಳನ್ನು ಸುಸ್ಥಿತಿಗೆ ತರಬೇಕೆಂದು ಮೂಲ ನೆಗೆಟಿವ್‌ಗಳನ್ನು ಲಂಡನ್ನಿಗೆ ಕಳುಹಿಸಿದರೆ, ೧೯೯೩ರಲ್ಲಿ ಅಲ್ಲಿನ ಲ್ಯಾಬೊರೇಟರಿಗೆ ಬೆಂಕಿ ಬಿದ್ದು ಅವೂ ಸುಟ್ಟವು. ಸೀದು ಮುರುಟಿದ ಆ ಸುರುಳಿಗಳನ್ನು ಯಾರೋ ಪುಣ್ಯಾತ್ಮರು ಎಸೆಯದೆ ಅಕಾಡೆಮಿಯ ಉಗ್ರಾಣದಲ್ಲಿಟ್ಟರು. ಇಪ್ಪತ್ತು ವರ್ಷಗಳ ಬಳಿಕ ಇಟಲಿಯ ಬೊಲೋನ್ಯಾ ನಗರದ ತಜ್ಞರು ಅವುಗಳಿಗೆ ತೇವ ಕೊಟ್ಟು, ಮೆದುವಾಗಿಸಿ, ಹರಿದ ಅಂಚುಗಳನ್ನು ಕೈಯಿಂದ ಸರಿಪಡಿಸಿದರು. ‘ಪಥೇರ್ ಪಾಂಚಾಲಿ’ಯಲ್ಲಿ ನೂರಕ್ಕೆ ೪೦ ಭಾಗ, ‘ಅಪರಾಜಿತೊ’ದಲ್ಲಿ ೬೦ಕ್ಕೂ ಮಿಕ್ಕಿದ ಭಾಗ ಹೀಗೆ ಮೂಲದಿಂದಲೇ ಉದ್ಧಾರವಾಯಿತು. ‘ಅಪುರ್ ಸಂಸಾರ್’ನ ಮೂಲದಲ್ಲಿ ಬಳಕೆಗೆ ಬರುವಂಥದೇನೂ ಉಳಿದಿರಲಿಲ್ಲ. ಕೊರತೆಯನ್ನೆಲ್ಲ ಬೇರೆ ಬೇರೆ ಸಂಸ್ಥೆಗಳು ಇಟ್ಟುಕೊಂಡಿದ್ದ ಪ್ರತಿಗಳಿಂದ ತುಂಬಿಕೊಂಡರು. ೨೦೧೫ರಲ್ಲಿ ಮೂರು ಚಿತ್ರಗಳೂ ತೆರೆಗೆ ಮರಳಿ, ಅದೇ ವರ್ಷ ಡಿಸ್ಕಿನ ರೂಪದಲ್ಲಿ ಜನರ ಮನೆಗಳನ್ನೂ ಸೇರಿದವು. ಹಳಗನ್ನಡದ ಗ್ರಂಥಸಂಪಾದಕನು ಖಿಲವಾದ ಓಲೆಯನ್ನು ಮತ್ತೊಂದು ಮಾತೃಕೆಯ ನೆರವಿನಿಂದ ಪೂರ್ಣಗೊಳಿಸುವ ಕೆಲಸಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ.

ಈ ಸಾದೃಶ್ಯ ಬರಿಯ ಅಲಂಕಾರವಲ್ಲ. ಮನೆಯಲ್ಲಿ ಚಿತ್ರ ನೋಡುವ ಸಾಧನಗಳ ಚರಿತ್ರೆಯನ್ನು ನೋಡಿದರೆ ಅದು ಸ್ಪಷ್ಟವಾಗುತ್ತದೆ. ೧೯೭೬ರಲ್ಲಿ ವಿಎಚ್‌ಎಸ್ ಕ್ಯಾಸೆಟ್ಟು ಬಂದಿತು. ೧೯೭೮ರಲ್ಲಿ ಲೇಸರ್ ಡಿಸ್ಕು, ೧೯೯೬ರಲ್ಲಿ ಡಿವಿಡಿ, ೨೦೦೬ರಲ್ಲಿ ಬ್ಲೂ-ರೇ. ಕ್ಯಾಸೆಟ್ಟಿನ ಕಾಲದಲ್ಲಿ ಅಗಲವಾದ ತೆರೆಗಾಗಿ ತೆಗೆದ ಚಿತ್ರವನ್ನು ಚೌಕಾಕಾರದ ಟಿವಿಗೆ ಹೊಂದಿಸಲು ಎಡಬಲಗಳನ್ನು ಕತ್ತರಿಸುವುದು ವಾಡಿಕೆಯಾಗಿತ್ತು. ಷಟ್ಪದಿಯ ಸಾಲು ಪುಟದ ಅಗಲಕ್ಕೆ ಹಿಡಿಸಲಿಲ್ಲವೆಂದು ಕೊನೆಯ ಗಣವನ್ನು ಅಳಿಸಿಬಿಟ್ಟಂತೆ! ೧೯೮೪ರಲ್ಲಿ ‘ಸಿಟಿಜನ್ ಕೇನ್’ ಮತ್ತು ‘ಕಿಂಗ್ ಕಾಂಗ್’ ಚಿತ್ರಗಳ ಲೇಸರ್ ಡಿಸ್ಕುಗಳೊಂದಿಗೆ ಆರಂಭವಾದ ಅಮೆರಿಕದ ಕ್ರೈಟೀರಿಯನ್ ಸಂಸ್ಥೆ ಈ ವಿಷಯದಲ್ಲಿ ಹೊಸ ದಾರಿ ಹಾಕಿತು. ‘ಕಿಂಗ್ ಕಾಂಗ್’ ಡಿಸ್ಕಿನಲ್ಲಿ ಚಿತ್ರದ ಜೊತೆಜೊತೆಗೇ ವಿದ್ವಾಂಸರೊಬ್ಬರ ವ್ಯಾಖ್ಯಾನವನ್ನು ಬೇಕೆಂದಾಗ ಕೇಳುವ ಏರ್ಪಾಡಿತ್ತು. ಮುಂದೆ ಇಂತಹ ಪ್ರಕಟಣೆಗಳಲ್ಲಿ ಶುದ್ಧಪಾಠ, ಪೀಠಿಕೆ, ಬಿಟ್ಟುಹೋದ ದೃಶ್ಯಗಳು, ಟಿಪ್ಪಣಿ, ಚಿತ್ರದ ಮೂಲ ಅಳತೆ ಇವೆಲ್ಲ ರೂಢಿಯಾದವು. ಕುರೊಸಾವಾ ಅವರ ‘ಸೆವೆನ್ ಸಮುರಾಯ್’ ಹೊರದೇಶಗಳಲ್ಲಿ ಬಹುಕಾಲ ಕತ್ತರಿಸಿದ ರೂಪದಲ್ಲಿ ಓಡಾಡಿತ್ತು. ಅದರ ೨೦೭ ನಿಮಿಷಗಳ ಪೂರ್ಣಪಾಠ ಇಂದು ಯಾರ ಮನೆಯಲ್ಲಾದರೂ ಇರಬಹುದು. ಡಿ. ಎಲ್. ನರಸಿಂಹಾಚಾರ್ಯರು ನಮಗೆ ಕಲಿಸಿದ ಶಾಸ್ತ್ರವೇ ಇದು, ಬೇರೊಂದು ವಸ್ತುವಿಗೆ ಅನ್ವಯವಾಗಿದೆ.

ಇನ್ನೊಂದು ಲಾಭವೂ ಉಂಟು. ತೆರೆಯ ಮೇಲಿನ ಚಿತ್ರ ಹರಿದುಹೋಗುವ ಹೊಳೆ. ಕೈಯಲ್ಲಿರುವ ಚಿತ್ರ ಮರಳಿ ತೆರೆಯಬಹುದಾದ ಪುಸ್ತಕ. ಓಜು ಅವರ ‘ಲೇಟ್ ಸ್ಪ್ರಿಂಗ್’ (೧೯೪೯) ಚಿತ್ರದಲ್ಲಿ ತಂದೆ ಮಗಳಿಬ್ಬರು ಕ್ಯೋಟೊ ನಗರದ ವಸತಿಗೃಹವೊಂದರಲ್ಲಿ ಮಲಗಿರುವ ಸನ್ನಿವೇಶವಿದೆ. ಮಗಳು ಮದುವೆಯಾಗಿ ಹೋಗುವ ಮುನ್ನ ಇಬ್ಬರೂ ಒಟ್ಟಿಗೆ ಕೈಕೊಂಡ ಕೊನೆಯ ಪ್ರವಾಸವದು. ತಂದೆಗೆ ನಿದ್ದೆ ಹತ್ತಿದೆ. ಮಗಳ ಮುಖದಲ್ಲಿ ನಗೆಯಿದೆ. ಒಮ್ಮೆ ಕೋಣೆಯಲ್ಲಿರುವ ಹೂದಾನಿ ಕಾಣುತ್ತದೆ. ಮತ್ತೆ ಅವಳ ಮುಖ ಕಂಡಾಗ ಕಣ್ಣು ತುಂಬುವಂತಿದೆ. ಮತ್ತೆ ಅದೇ ಹೂದಾನಿ. ಇಷ್ಟೆ. ಆ ಹೂದಾನಿಯ ಅರ್ಥವೇನೆಂದು ವಿಮರ್ಶಕರು ದಶಕಗಳಿಂದ ವಾದಿಸುತ್ತಿದ್ದಾರೆ. ಕುಮಾರವ್ಯಾಸನ ಪದ್ಯವೊಂದನ್ನು ಮೊದಲ ಓದಿಗೆ ಕಥೆಗಾಗಿ, ಎರಡನೆಯ ಓದಿಗೆ ಮಾತಿಗಾಗಿ, ಮೂರನೆಯ ಓದಿಗೆ ಮಾತಿನ ಹಿಂದಿನ ಮೌನಕ್ಕಾಗಿ ಓದುತ್ತೇವಲ್ಲವೆ? ಆ ಮೂರನೆಯ ಓದನ್ನು ಚಲನಚಿತ್ರಕ್ಕೆ ದೊರಕಿಸಿಕೊಟ್ಟದ್ದು ಮನೆಯಲ್ಲಿರುವ ಪ್ರತಿ.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಸಿನಿಮಾ ಕತ್ತಲ ಸಭಾಂಗಣದಲ್ಲಿ ನೂರಾರು ಜನ ಒಟ್ಟಿಗೆ ಕುಳಿತು ನೋಡುವ ಕಲೆ, ಅದನ್ನು ಕೋಣೆಯ ಮೂಲೆಗೆ ತಂದರೆ ಅದರ ಜೀವವೇ ಹೋಗುತ್ತದೆ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯವಿದೆ. ೧೯೫೨ರ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ‘ಬೈಸಿಕಲ್ ಥೀವ್ಸ್’, ‘ರಾಶೋಮನ್’ಗಳನ್ನು ಸಭೆಯಲ್ಲಿ ಕುಳಿತು ನೋಡಿದ ಪೀಳಿಗೆಯಿಂದಲೇ ನಮ್ಮ ಹೊಸ ಸಿನಿಮಾ ಹುಟ್ಟಿತು. ೧೯೭೧ರಲ್ಲಿ ಬೆಂಗಳೂರಿನಲ್ಲಿ ಸುಚಿತ್ರಾ, ೧೯೭೩ರಲ್ಲಿ ಹೆಗ್ಗೋಡಿನಲ್ಲಿ ನೀನಾಸಮ್ ಚಿತ್ರಸಮಾಜ ಆರಂಭವಾದದ್ದು ಜನ ಕೂಡಿ ನೋಡಲೆಂದೇ. ಜಪಾನಿನ, ಇಟಲಿಯ ಚಿತ್ರಗಳನ್ನು ಮಲೆನಾಡಿನ ಅಡಕೆ ಬೆಳೆಗಾರರು ನೋಡಿ ಅರ್ಥಮಾಡಿಕೊಳ್ಳಬಲ್ಲರೆಂದು ನಂಬಿದ ಕೆ. ವಿ. ಸುಬ್ಬಣ್ಣನವರ ಧೈರ್ಯವನ್ನು ನೆನೆದರೆ ಈಗಲೂ ಹೆಮ್ಮೆಯಾಗುತ್ತದೆ. ಆದರೆ ಕುಮಾರವ್ಯಾಸನ ಕಾವ್ಯವೂ ಗಮಕಿಯ ಕಂಠದಿಂದ ಸಭೆ ಕೇಳಬೇಕಾದ ಕಾವ್ಯವೇ. ಹಾಗೆಂದು ನಾವು ಭಾರತದ ಮುದ್ರಿತ ಪ್ರತಿಯನ್ನು ಮನೆಯಲ್ಲಿಡುವುದು ತಪ್ಪೆನ್ನುವುದಿಲ್ಲ. ಗಮಕವಿಲ್ಲದ ಸಂಜೆಗಳೇ ಬಾಳಿನಲ್ಲಿ ಹೆಚ್ಚು.

ಎರಡನೆಯ ಆಕ್ಷೇಪವೇ ಇಂದಿನ ಕಾಲದ್ದು: ಎಲ್ಲವೂ ಒಟಿಟಿ ವೇದಿಕೆಗಳಲ್ಲಿ ಸಿಕ್ಕುವಾಗ ಪ್ರತಿ ಏಕೆ? ಸಿಕ್ಕುತ್ತವೆ, ನಿಜ, ಸಿಕ್ಕುವವರೆಗೆ ಸಿಕ್ಕುತ್ತವೆ. ಶಾಸ್ತ್ರೀಯ ಮತ್ತು ವಿದೇಶೀ ಚಿತ್ರಗಳಿಗೆಂದೇ ಅಮೆರಿಕದಲ್ಲಿ ೨೦೧೬ರಲ್ಲಿ ಆರಂಭವಾದ ಫಿಲ್ಮ್‌ಸ್ಟ್ರಕ್ ಎಂಬ ವೇದಿಕೆಯನ್ನು, ರಸಿಕರೂ ನಿರ್ದೇಶಕರೂ ಎಷ್ಟು ಬೇಡಿಕೊಂಡರೂ ಕೇಳದೆ, ಒಡೆಯರಾದ ಕಂಪೆನಿಯವರು ೨೦೧೮ರ ನವೆಂಬರ್ ೨೯ರಂದು ಮುಚ್ಚಿಬಿಟ್ಟರು. ಅದರ ಬಳಿಕ ೨೦೧೯ರಲ್ಲಿ ಬಂದ ಕ್ರೈಟೀರಿಯನ್ ಚಾನೆಲ್ ಅಮೆರಿಕ, ಕೆನಡಾಗಳಿಗೆ ಮಾತ್ರ ಬಾಗಿಲು ತೆರೆಯಿತು. ಅಂಚೆಯಲ್ಲಿ ಡಿವಿಡಿ ಕಳುಹಿಸುವುದರಿಂದಲೇ ಬಾಳು ಆರಂಭಿಸಿದ ನೆಟ್‌ಫ್ಲಿಕ್ಸ್ ೨೦೨೩ರ ಸೆಪ್ಟೆಂಬರಿನಲ್ಲಿ ಆ ವ್ಯವಹಾರಕ್ಕೆ ಮಂಗಳ ಹಾಡಿತು. ವೇದಿಕೆಯವರು ಚಿತ್ರವನ್ನು ನಮಗೆ ಕೊಡುವುದಿಲ್ಲ, ತೋರಿಸುತ್ತಾರೆ. ಗುತ್ತಿಗೆ ಮುಗಿದ ದಿನ ಅದು ಸದ್ದಿಲ್ಲದೆ ಮರೆಯಾಗುತ್ತದೆ. ಬಾಡಿಗೆಯ ಮನೆಯಲ್ಲಿ ಸುಖವಾಗಿ ವಾಸಿಸಬಹುದು, ಅನುಮಾನವಿಲ್ಲ. ಆದರೆ ಹಿರಿಯರ ಪೆಟ್ಟಿಗೆಯನ್ನಿಡಲು ಅದು ತಕ್ಕ ಸ್ಥಳವಲ್ಲ.

ಹಾಗೆಂದು ಡಿಸ್ಕು ಅಮರವೆಂದು ನಾನು ಹೇಳಹೊರಟಿಲ್ಲ. ಕ್ಯಾಸೆಟ್ಟುಗಳಿಗೆ ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದನ್ನು ಎಲ್ಲರೂ ಕಂಡಿದ್ದೇವೆ. ಬಿಲ್ಲೆಯ ಒಳಗಿನ ಲೋಹದ ಪದರಕ್ಕೆ ಗಾಳಿ ತಗುಲಿದರೆ ಅದೂ ಕಿಲುಬುತ್ತದೆ. ಮೇಲಾಗಿ ಮಾರಾಟಗಾರರು ಭೂಮಂಡಲವನ್ನೇ ವಲಯಗಳಾಗಿ ಹಂಚಿಕೊಂಡಿದ್ದಾರೆ. ಡಿವಿಡಿಯ ಲೆಕ್ಕದಲ್ಲಿ ಭಾರತ ೫ನೆಯ ವಲಯ, ಅಮೆರಿಕ ೧ನೆಯದು. ಬ್ಲೂ-ರೇಯ ಲೆಕ್ಕದಲ್ಲಿ ನಾವು ಮೂರನೆಯ ವಲಯ, ಅವರು ಮೊದಲನೆಯದು. ಹಣ ಕೊಟ್ಟು ತರಿಸಿದ ಡಿಸ್ಕು ನಮ್ಮ ಯಂತ್ರದಲ್ಲಿ ಬಾಯಿ ಬಿಡದೆ ಕುಳಿತರೆ ಅದು ವಲಯದ ಮಹಿಮೆ. ೨೦೦೭ರ ಸುಮಾರಿಗೆ ಮೋಸರ್ ಬೇರ್ ಕಂಪೆನಿ ೨೮ ರೂಪಾಯಿಗೆ ವಿಸಿಡಿ, ೩೪ ರೂಪಾಯಿಗೆ ಡಿವಿಡಿ ಮಾರಿದಾಗ ಚಿತ್ರಸಂಗ್ರಹ ಬಡ ವಿದ್ಯಾರ್ಥಿಗೂ ಎಟುಕಿತ್ತು. ಆ ಕಾಲ ಕಳೆದುಹೋಯಿತು. ಆದಕಾರಣ ಸಂಗ್ರಹವೆಂದರೆ ಒಮ್ಮೆ ಕೊಂಡು ಮರೆಯುವ ಕೆಲಸವಲ್ಲ. ಹಿಂದಿನವರು ಓಲೆಗೆ ಎಣ್ಣೆ ಸವರಿ, ಜೀರ್ಣವಾಗುವ ಮುನ್ನ ಮತ್ತೊಂದು ಪ್ರತಿ ಮಾಡಿಸುತ್ತಿದ್ದಂತೆ ಇದಕ್ಕೂ ತಲೆಮಾರಿನಿಂದ ತಲೆಮಾರಿಗೆ ಆರೈಕೆ ಬೇಕು.

ಇಷ್ಟು ಹೇಳಿದ ಮೇಲೆ ಸಂಗ್ರಹಕಾರರಿಗೂ ಒಂದು ಮಾತು ಹೇಳಬೇಕು. ಮೂಡುಬಿದಿರೆಯ ಬಸದಿಯಲ್ಲಿದ್ದ ಧವಳ, ಜಯಧವಳ ಗ್ರಂಥಗಳ ಓಲೆಪ್ರತಿಗಳು ಶತಮಾನಗಳ ಕಾಲ ಭಕ್ತರ ದರ್ಶನಕ್ಕೆ ದೊರೆಯುತ್ತಿದ್ದವೇ ಹೊರತು ಓದಿಗೆ ದೊರೆಯುತ್ತಿರಲಿಲ್ಲ. ಅವನ್ನು ಕಾಪಾಡಿದವರ ಶ್ರದ್ಧೆಗೆ ನಾವು ಋಣಿಗಳು. ಅದಿಲ್ಲದಿದ್ದರೆ ಗ್ರಂಥಗಳೇ ಇರುತ್ತಿರಲಿಲ್ಲ. ಆದರೆ ಪ್ರತಿ ಮಾಡುವ ಕಾರ್ಯ ನಡೆದು, ೧೯೩೯ರಲ್ಲಿ ಧವಳದ ಮೊದಲ ಸಂಪುಟ ಅಚ್ಚಾಗಿ ಹೊರಬಂದ ಮೇಲೆಯೇ ಅವು ವಿದ್ವತ್ತಿನ ಸೊತ್ತಾದದ್ದು. ಇಂದಿನ ಕೆಲವರ ಮನೆಗಳಲ್ಲಿ ಮೇಣಗಾಗದವನ್ನೂ ಬಿಚ್ಚದ ಚಿತ್ರಸಂಪುಟಗಳಿವೆ. ಯಾವ ಮುದ್ರಣ, ಎಷ್ಟನೆಯ ಸಂಖ್ಯೆ, ಪೆಟ್ಟಿಗೆಯ ಮೂಲೆ ನಜ್ಜಾಗಿದೆಯೋ ಇಲ್ಲವೋ ಎಂಬ ಚರ್ಚೆಯಲ್ಲಿಯೇ ರಸಾನುಭವ ಮುಗಿಯುತ್ತದೆ. ಮೂಡುಬಿದಿರೆಯ ಪ್ರತಿಗೆ ಪೂಜೆಯಾದರೂ ಸಲ್ಲುತ್ತಿತ್ತು, ಇವಕ್ಕೆ ಅದೂ ಇಲ್ಲ. ಅತ್ತಿಮಬ್ಬೆ ಬರೆಯಿಸಿದ ಸಾವಿರವನ್ನು ತನ್ನ ಅರಮನೆಯಲ್ಲಿಯೇ ಪೇರಿಸಿಟ್ಟಿದ್ದರೆ ಅವಳ ಹೆಸರು ನಮಗೆ ತಿಳಿಯುತ್ತಿತ್ತೆ?

ನಮ್ಮ ವಿದ್ಯಾರ್ಥಿಗಳ ಸ್ಥಿತಿಯನ್ನು ಕಂಡಾಗ ಈ ಮಾತು ನನಗೆ ಇನ್ನಷ್ಟು ಚುಚ್ಚುತ್ತದೆ. ಅನಂತಮೂರ್ತಿಯವರ ‘ಘಟಶ್ರಾದ್ಧ’ವನ್ನು ಪಾಠ ಹೇಳುವಾಗ, ಗಿರೀಶ ಕಾಸರವಳ್ಳಿಯವರು ೧೯೭೭ರಲ್ಲಿ ಅದನ್ನು ಆಧರಿಸಿ ತೆಗೆದು ಸ್ವರ್ಣಕಮಲ ಪಡೆದ ಚಿತ್ರವನ್ನೂ ತೋರಿಸಬೇಕೆನ್ನಿಸುವುದು ಸಹಜ. ಹುಡುಗ ನಾಣಿಯ ಕಣ್ಣಿನಿಂದ ಕಥೆ ಹೇಳುವ ಉಪಾಯವನ್ನು ಬರಹಗಾರನು ಮಾತಿನಲ್ಲಿ ಹೇಗೆ ಸಾಧಿಸುತ್ತಾನೆ, ನಿರ್ದೇಶಕನು ಬೆಳಕಿನಲ್ಲಿ ಹೇಗೆ ಸಾಧಿಸುತ್ತಾನೆ ಎಂಬುದಕ್ಕಿಂತ ಒಳ್ಳೆಯ ಪಾಠ ಯಾವುದಿದೆ? ಆದರೆ ವರ್ಷಗಟ್ಟಲೆ ನಮ್ಮ ಕೈಗೆ ಸಿಕ್ಕುತ್ತಿದ್ದುದು ಪ್ರತಿಯ ಪ್ರತಿಯ ಪ್ರತಿ. ಎಸ್. ರಾಮಚಂದ್ರ ಅವರು ಕಪ್ಪು ಬಿಳುಪಿನಲ್ಲಿ ಹಿಡಿದ ರಾತ್ರಿಯ ದೃಶ್ಯಗಳು ಅದರಲ್ಲಿ ಬರಿಯ ಮಸಿಯಾಗಿದ್ದವು. ಯಮುನಕ್ಕನ ಮುಖ ಕಾಣದೆ ಅವಳ ದುಃಖವನ್ನು ವಿದ್ಯಾರ್ಥಿಗಳು ನನ್ನ ಬಾಯಿಂದ ಕೇಳಿ ನಂಬಬೇಕಾಗಿತ್ತು. ೨೦೨೪ರಲ್ಲಿ ಈ ಚಿತ್ರ ಜೀರ್ಣೋದ್ಧಾರಗೊಂಡು ವೆನಿಸ್ ಚಿತ್ರೋತ್ಸವದ ಶಾಸ್ತ್ರೀಯ ವಿಭಾಗದಲ್ಲಿ ಪ್ರದರ್ಶಿತವಾದ ಸುದ್ದಿ ಓದಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಮೂಲ ನೆಗೆಟಿವ್ ಪುಣೆಯಲ್ಲಿ ಉಳಿದಿದ್ದುದರಿಂದ, ಫಿಲ್ಮ್ ಹೆರಿಟೇಜ್ ಫೌಂಡೇಷನ್ ಮತ್ತು ವಿದೇಶದ ಸಂಸ್ಥೆಗಳು ಕೈಗೂಡಿಸಿದ್ದರಿಂದ ಅದು ಸಾಧ್ಯವಾಯಿತು. ಆದರೆ ವೆನಿಸ್ಸಿನಲ್ಲಿ ಹೊಳೆದ ಯಮುನಕ್ಕ ಶಿವಮೊಗ್ಗದ, ಕಲಬುರಗಿಯ ಕಾಲೇಜುಗಳ ತರಗತಿಗಳಲ್ಲಿಯೂ ಹೊಳೆಯಬೇಡವೆ? ಜೀರ್ಣೋದ್ಧಾರವಾದ ದೇವಾಲಯಕ್ಕೆ ಊರವರೇ ಹೋಗಲಾರದಿದ್ದರೆ ಉದ್ಧಾರ ಅರ್ಧವಾದಂತೆಯೇ ಸರಿ.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಪ್ರತಿಯೊಂದು ಪದವಿ ಕಾಲೇಜಿನ ಗ್ರಂಥಾಲಯವೂ ನಿಘಂಟು, ವಿಶ್ವಕೋಶಗಳನ್ನಿಡುವಂತೆ ಐವತ್ತು ಚಲನಚಿತ್ರಗಳ ಒಂದು ಕಪಾಟನ್ನಿಡಲಿ. ಅರ್ಧ ಲೋಕದ್ದು, ಅರ್ಧ ಭಾರತದ್ದು, ಅದರಲ್ಲಿ ಕನ್ನಡಕ್ಕೆ ಗಣನೀಯವಾದ ಪಾಲು. ೧೯೫೭ರ ಕೃತಿಸ್ವಾಮ್ಯದ 

ಕಾನೂನು, ವಿದ್ಯಾಸಂಸ್ಥೆಯ ಚಟುವಟಿಕೆಯ ಅಂಗವಾಗಿ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳಷ್ಟೇ ಕೂಡಿ ಚಿತ್ರ ನೋಡುವುದಕ್ಕೆ ಅವಕಾಶ ಕೊಟ್ಟಿದೆ. ಆ ಅವಕಾಶವನ್ನು ನಾವು ಬಳಸಿಕೊಳ್ಳುತ್ತಿರುವುದು ಅಪೂರ್ವ. ಖಾಸಗಿ ಸಂಗ್ರಹಕಾರರು ತಮ್ಮ ಊರಿನ ಕಾಲೇಜಿಗೆ ವರ್ಷಕ್ಕೆ ಹತ್ತು ಚಿತ್ರಗಳನ್ನಾದರೂ ಎರವಲು ಕೊಟ್ಟು, ಅರ್ಧ ಗಂಟೆ ಕುಳಿತು ಮಾತನಾಡಲಿ. ಬೀರುವಿನ ಬಾಗಿಲು ತೆರೆಯಲು ಅದಕ್ಕಿಂತ ಒಳ್ಳೆಯ ನೆಪವಿಲ್ಲ. ಜಪಾನೀ, ಸ್ವೀಡಿಷ್ ಚಿತ್ರಗಳನ್ನು ಇಂಗ್ಲಿಷಿನ ಉಪಶೀರ್ಷಿಕೆಗಳ ಮೂಲಕವೇ ನೋಡಬೇಕಾದ ನಮ್ಮ ಹುಡುಗರಿಗಾಗಿ ಕನ್ನಡದಲ್ಲಿ ನಾಲ್ಕು ಪುಟಗಳ ಪೀಠಿಕೆ ಬರೆದುಕೊಡುವುದು ಕನ್ನಡ ಅಧ್ಯಾಪಕರ ಹೊಣೆ. ಇನ್ನು ಸರಕಾರದ ಮಾತು. ಅಚ್ಚಾದ ಪ್ರತಿಯೊಂದು ಪುಸ್ತಕದ ಪ್ರತಿಯೂ ರಾಷ್ಟ್ರದ ಗ್ರಂಥಾಲಯಗಳಿಗೆ ಸೇರಬೇಕೆಂದು ೧೯೫೪ರಲ್ಲಿ ಕಾನೂನಾಯಿತು. ಆ ಕಾನೂನಿನ ವ್ಯಾಪ್ತಿಗೆ ಚಲನಚಿತ್ರ ಸೇರಿಲ್ಲ. ಕನ್ನಡದಲ್ಲಿ ಸಿದ್ಧವಾಗುವ ಪ್ರತಿಯೊಂದು ಚಿತ್ರದ ಒಂದು ಶುದ್ಧಪ್ರತಿ ರಾಜ್ಯದೊಳಗೇ ಒಂದು ಕಡೆ, ಇನ್ನೊಂದು ಬೇರೊಂದು ಊರಿನಲ್ಲಿ ಇರಬೇಕೆಂಬ ನಿಯಮವನ್ನು ಇನ್ನಾದರೂ ಮಾಡಬೇಕು.

ಇವುಗಳಲ್ಲಿ ಯಾವುದಕ್ಕೂ ಅತ್ತಿಮಬ್ಬೆಯ ಸಂಪತ್ತು ಬೇಕಾಗಿಲ್ಲ. ಅವಳ ಕಾಲದಲ್ಲಿ ಸಾವಿರ ಪ್ರತಿಗಳೆಂದರೆ ಎಷ್ಟೋ ಲಿಪಿಕಾರರ ವರ್ಷಗಟ್ಟಲೆಯ ದುಡಿಮೆ. ನಮ್ಮ ಕಾಲದಲ್ಲಿ ಪ್ರತಿ ಮಾಡುವುದು ನಿಮಿಷಗಳ ಕೆಲಸ. ಇಷ್ಟು ಸುಲಭವಾದ ಕಾಲದಲ್ಲಿಯೂ ಕೃತಿಗಳು ಅಳಿದರೆ ಮುಂದಿನವರು ಗೆದ್ದಲನ್ನಾಗಲಿ ಬೆಂಕಿಯನ್ನಾಗಲಿ ದೂರುವುದಿಲ್ಲ, ನಮ್ಮನ್ನು ದೂರುತ್ತಾರೆ. ‘ಸತಿ ಸುಲೋಚನ’ವನ್ನು ನಾವು ಅವರಿಗೆ ಕೊಡಲಾರೆವು. ‘ಘಟಶ್ರಾದ್ಧ’ವನ್ನು ಕೊಡಬಲ್ಲೆವು.